ಲೆನ್ಸ್ ಆಮೇಲೆ ತಗೊಳ್ಳೋಣ, ಮೊದಲು ಬೆಳಕು

ನಮ್ಮ ಕ್ಯಾಂಪಸ್‌ನಲ್ಲಿ "ಫೋಟೋ ಸಕತ್ತಾಗಿದೆ ಮಗಾ" ಅಂದ್ರೆ ಎರಡೇ ಅರ್ಥ. ಹಿಂದಿರೋದೆಲ್ಲ ಮಸುಕಾಗಿದೆ, ಮುಖ ಇರೋದಕ್ಕಿಂತ ಬೆಳ್ಳಗಿದೆ. ಇವೆರಡನ್ನೂ ಈಗ ಫೋನೇ ಮಾಡಿಕೊಡುತ್ತೆ, ಒಂದು ಬಟನ್ ಒತ್ತಿದರೆ ಸಾಕು. ಆದರೂ ಫೋಟೋಗ್ರಫಿ ಕಲಿಯೋದು ಅಂದ್ರೆ ಫೋನಿನಿಂದ ಕ್ಯಾಮೆರಾಗೆ, ಕಿಟ್ ಲೆನ್ಸಿನಿಂದ ದುಬಾರಿ ಲೆನ್ಸಿಗೆ ಬಡ್ತಿ ಪಡೆಯೋದು ಅನ್ನೋ ನಂಬಿಕೆ ಮಾತ್ರ ಹೋಗಿಲ್ಲ. ಈ ಸಲ ಫೋಟೋ ಟೀಮಿನ ಬಜೆಟ್ ಮಾತು ಬಂದಾಗಲೂ ಮೊದಲು ಕೇಳಿಬಂದ ಹೆಸರು 85 ಎಂಎಂ ಲೆನ್ಸ್. ಮೂವತ್ತು ನಲವತ್ತು ಸಾವಿರದ ಮಾತು.

ನಾನು ಆ ಖರ್ಚಿಗೆ ವಿರುದ್ಧ. ಆ ಲೆನ್ಸ್ ಕೆಟ್ಟದ್ದು ಅಂತ ಅಲ್ಲ, ತುಂಬಾ ಒಳ್ಳೇ ಲೆನ್ಸ್. ಆದರೆ ಅದನ್ನ ಒಂದು ಸಲಕ್ಕೆ ಒಬ್ಬರು ಹಿಡ್ಕೋಬಹುದು, ಉಳಿದವರು ನೋಡ್ತಾ ನಿಲ್ಲಬೇಕು. ಅದರಿಂದ ಕಲಿಯೋದು ಏನು ಅಂದ್ರೆ ಅಪರ್ಚರ್ ದೊಡ್ಡದು ಮಾಡಿದರೆ ಹಿಂದೆ ಮಸುಕಾಗುತ್ತೆ ಅನ್ನೋದು, ಅದು ಐದು ನಿಮಿಷದ ಪಾಠ. ಅದೇ ದುಡ್ಡಿನ ಕಾಲು ಭಾಗದಲ್ಲಿ ಒಂದು ಮ್ಯಾನುಯಲ್ ಫ್ಲ್ಯಾಶ್, ಒಂದು ರೇಡಿಯೋ ಟ್ರಿಗರ್, ಒಂದು ಸ್ಟ್ಯಾಂಡ್, ಒಂದು ಬಿಳಿ ಕೊಡೆ ಬರುತ್ತೆ. ಥರ್ಮಾಕೋಲ್ ಶೀಟು ಯಾವುದಾದ್ರೂ ಡಿಪಾರ್ಟ್‌ಮೆಂಟಿನ ಮಾಡೆಲ್ ಎಕ್ಸಿಬಿಷನ್ ಮುಗಿದ ಮೇಲೆ ಬಿಟ್ಟಿ ಸಿಗುತ್ತೆ. ಇಷ್ಟು ಸಾಮಾನಲ್ಲಿ ಮುಖಕ್ಕೆ ಬೆಳಕು ಹಾಕೋ ಹಳೇ ವಿದ್ಯೆಯನ್ನ ಒಂದು ಸೆಮಿಸ್ಟರ್ ಪೂರ್ತಿ ಕಲಿಯಬಹುದು, ಇಪ್ಪತ್ತು ಜನ ಒಟ್ಟಿಗೆ.

ಇದು ಬರೀ ದುಡ್ಡಿನ ಲೆಕ್ಕ ಅಲ್ಲ. ನನ್ನ ರೂಮ್‌ಮೇಟ್ ರಾಯಚೂರು ಕಡೆಯವನು, ಮೈಬಣ್ಣ ಕಪ್ಪು. ಪ್ಲೇಸ್‌ಮೆಂಟ್ ಪ್ರೊಫೈಲಿಗೆ ಅಂತ ಹೊರಗೆ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡ. ಅವರು ಅವನನ್ನ ಕೇಳದೇನೇ ಮುಖವನ್ನ ಎರಡು ಮೂರು ಶೇಡ್ ಬೆಳ್ಳಗೆ ಮಾಡಿ, ಗಲ್ಲ ನುಣ್ಣಗೆ ಮಾಡಿ ಕೊಟ್ಟರು. ಮನೆಗೆ ಕಳಿಸಿದರೆ ಅವರಮ್ಮ ಫೋನ್ ಮಾಡಿ ಕೇಳಿದ್ದು, "ಯಾರ್ದಪ ಇದು ಫೋಟೋ?" ಅಂತ. ನಾವೆಲ್ಲ ನಕ್ಕೆವು, ಅವನೂ ನಕ್ಕ. ಆದರೆ ಆ ಫೋಟೋನ ಅವನು ಎಲ್ಲೂ ಹಾಕಲಿಲ್ಲ. ಇದು ಹೊರಗಿನ ಸ್ಟುಡಿಯೋ ಮಾತ್ರ ಮಾಡೋ ಕೆಲಸ ಅಲ್ಲ. ನಮ್ಮ ಫೆಸ್ಟ್ ಆಲ್ಬಮ್‌ಗಳನ್ನ ತೆಗೆದು ನೋಡಿ, "ಸ್ವಲ್ಪ ಬ್ರೈಟ್ ಮಾಡಿದೀವಿ" ಅನ್ನೋ ಹೆಸರಲ್ಲಿ ಎಷ್ಟು ಮುಖಗಳು ಬಣ್ಣ ಬದಲಿಸಿವೆ ಅಂತ. ಬೆಳಕು ಹಾಕೋಕೆ ಬರದವರು ಮುಖವನ್ನೇ ಬದಲಿಸ್ತಾರೆ. ನನ್ನ ತಕರಾರು ಇರೋದು ಅಲ್ಲಿ.

ಇನ್ನು ಫ್ಲ್ಯಾಶ್ ವಿಷಯ. ಇದು ಕಲಾವಿದರ ವಸ್ತು, ನಮಗಲ್ಲ ಅಂತ ಅಂದ್ಕೊಂಡಿರೋರಿಗೆ ಒಂದು ಮಾತು. ಇವತ್ತಿನ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಳಕೆಗೆ ಬಂದದ್ದರ ಹಿಂದೆ ದೊಡ್ಡ ಪಾಲು ಒಬ್ಬ ಎಲೆಕ್ಟ್ರಿಕಲ್ ಎಂಜಿನಿಯರನದ್ದು. ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ 1930ರ ಆಸುಪಾಸಿನಲ್ಲಿ ಸಿಂಕ್ರೊನಸ್ ಮೋಟರ್‌ಗಳ ಮೇಲೆ ಕೆಲಸ ಮಾಡ್ತಿದ್ದ. ತಿರುಗೋ ರೋಟರನ್ನ ನಿಂತ ಹಾಗೆ ನೋಡೋಕೆ ಮಿಣುಕುವ ದೀಪ ಬೇಕಾಗಿತ್ತು. ಆ ಸ್ಟ್ರೋಬ್ ದೀಪವೇ ಮುಂದೆ ಹಾಲಿನ ಹನಿ ಬಿದ್ದು ಕಿರೀಟದ ಹಾಗೆ ಚಿಮ್ಮೋದನ್ನ, ಸೇಬಿನೊಳಗಿಂದ ಗುಂಡು ಹಾದು ಹೋಗೋದನ್ನ ಹಿಡಿಯಿತು. ನಮ್ಮ ಮೆಷಿನ್ಸ್ ಲ್ಯಾಬ್‌ನಲ್ಲಿ ಸ್ಟ್ರೋಬೋಸ್ಕೋಪ್ ನೋಡಿದವರಿಗೆ ಈ ಸಂಬಂಧ ಹೇಳಬೇಕಾಗಿಲ್ಲ.

ಒಳಗಿರೋದೂ ನಮಗೆ ಗೊತ್ತಿರೋದೇ. ನಾಲ್ಕು ಪೆನ್‌ಸೆಲ್, ವೋಲ್ಟೇಜನ್ನ ಮುನ್ನೂರರ ಆಚೆಗೆ ಏರಿಸೋ ಒಂದು ಸರ್ಕ್ಯೂಟ್, ಒಂದು ದಪ್ಪ ಕೆಪಾಸಿಟರ್, ಒಂದು ಕ್ಸೆನಾನ್ ಟ್ಯೂಬ್. 1000 ಮೈಕ್ರೋಫ್ಯಾರಡ್, 330 ವೋಲ್ಟ್ ಅಂತಿಟ್ಟುಕೊಂಡು ಅರ್ಧ ಸಿ ವಿ ಸ್ಕ್ವೇರ್ ಹಾಕಿ, ಸುಮಾರು 54 ಜೂಲ್ ಬರುತ್ತೆ. ಅಷ್ಟೂ ಶಕ್ತಿ ಸೆಕೆಂಡಿನ ಚಿಕ್ಕದೊಂದು ಭಾಗದಲ್ಲಿ ಖಾಲಿ. ಪವರ್ ಇಳಿಸಿದಾಗ ದೀಪ ಮಂದ ಆಗಲ್ಲ, ಉರಿಯೋ ಕಾಲ ಕಮ್ಮಿ ಆಗುತ್ತೆ. ಐಜಿಬಿಟಿ ಮಧ್ಯದಲ್ಲೇ ಕಟ್ ಮಾಡುತ್ತೆ. ಕುತೂಹಲಕ್ಕೆ ಬಿಚ್ಚಿ ನೋಡೋ ಚಟ ಇರೋರು ದಯವಿಟ್ಟು ಇದೊಂದನ್ನ ಬಿಡಿ. ಸೆಲ್ ತೆಗೆದ ಮೇಲೂ ಆ ಕೆಪಾಸಿಟರ್ ಹೊಡೆಯೋ ಹೊಡೆತ ಸಣ್ಣದಲ್ಲ.

ಅಗ್ಗದ ಮ್ಯಾನುಯಲ್ ಫ್ಲ್ಯಾಶಿಗೆ ಟಿಟಿಎಲ್ ಇರಲ್ಲ, ಅಂದ್ರೆ ಎಷ್ಟು ಬೆಳಕು ಬೇಕು ಅಂತ ಅದೇ ಅಳೆದು ಕೊಡಲ್ಲ. ನನ್ನ ಪ್ರಕಾರ ಕಲಿಯೋರಿಗೆ ಇದೇ ಒಳ್ಳೇದು. ಲೆಕ್ಕ ನೀವೇ ಹಾಕಬೇಕು, ಆದರೆ ಲೆಕ್ಕ ಸುಲಭ. ಫ್ಲ್ಯಾಶಿನ ಗೈಡ್ ನಂಬರ್ ಅಂದ್ರೆ ಐಎಸ್‌ಒ 100ರಲ್ಲಿ ದೂರ ಮತ್ತು ಅಪರ್ಚರ್‌ನ ಗುಣಲಬ್ಧ. ಗೈಡ್ ನಂಬರ್ 32 ಇದ್ದರೆ ನಾಲ್ಕು ಮೀಟರ್‌ಗೆ ಎಫ್ 8, ಎರಡು ಮೀಟರ್‌ಗೆ ಎಫ್ 16. ಕೊಡೆಯ ಮೂಲಕ ಹಾಯಿಸಿದರೆ ಸುಮಾರು ಎರಡು ಸ್ಟಾಪ್ ಕಳ್ಕೊಳ್ಳುತ್ತೆ. ಹಾಗಾದ್ರೆ ಒಂದು ಮೀಟರ್‌ನಲ್ಲಿ ಫುಲ್ ಪವರ್‌ಗೆ ಎಫ್ 16, ಕಾಲು ಪವರ್‌ಗೆ ಎಫ್ 8. ಪೇಪರ್ ಮೇಲೆ ಬರೆದು, ಒಂದು ಶಾಟ್ ತೆಗೆದು, ಹಿಸ್ಟೋಗ್ರಾಮ್ ನೋಡಿ ಅರ್ಧ ಸ್ಟಾಪ್ ಆಚೀಚೆ ಮಾಡಿ. ಎರಡನೇ ದಿನಕ್ಕೆ ಪೇಪರ್ ಬೇಕಾಗಲ್ಲ.

ಮೊದಲ ಅಭ್ಯಾಸ ನಾನು ಯಾರಿಗೇ ಹೇಳಿದರೂ ಇದನ್ನೇ ಹೇಳೋದು: ಫ್ಲ್ಯಾಶ್ ಆಫ್ ಮಾಡಿ ಒಂದು ಕರಿ ಫೋಟೋ ತೆಗೀರಿ. ಹಾಸ್ಟೆಲ್ ರೂಮ್, ರಾತ್ರಿ, ಟ್ಯೂಬ್‌ಲೈಟ್ ಉರೀತಾನೇ ಇರಲಿ. ಐಎಸ್‌ಒ 100, ಎಫ್ 8, ಶಟರ್ 1/200. ಪರದೆ ಮೇಲೆ ಏನೂ ಕಾಣಲ್ಲ. ಆ ಕತ್ತಲು ನಿಮ್ಮ ಕರಿಹಲಗೆ. ಈಗ ಫ್ಲ್ಯಾಶ್ ಹಚ್ಚಿದರೆ ಚಿತ್ರದಲ್ಲಿ ಇರೋ ಪ್ರತಿ ಕಿರಣಾನೂ ನೀವು ಹಾಕಿದ್ದೇ. ಟ್ಯೂಬ್‌ಲೈಟಿನ ಹಸಿರು ಛಾಯೆ ಇಲ್ಲ, ಕಾರಿಡಾರಿನ ಹಳದಿ ಇಲ್ಲ, ಮಂಚದ ಕೆಳಗಿನ ಬಕೆಟ್ಟೂ ಇಲ್ಲ. ಶಟರ್ ವೇಗಕ್ಕೆ ಫ್ಲ್ಯಾಶಿನ ಮೇಲೆ ಹಿಡಿತ ಇಲ್ಲ, ಯಾಕಂದ್ರೆ ಫ್ಲ್ಯಾಶ್ ಬಂದು ಹೋಗೋದು ಶಟರ್ ತೆರೆದಿರೋ ಕಾಲಕ್ಕಿಂತ ಚಿಕ್ಕ ಕಾಲದಲ್ಲಿ. ಶಟರ್ ನಿಧಾನ ಮಾಡಿದರೆ ರೂಮಿನ ಬೆಳಕು ಒಳಗೆ ಬರುತ್ತೆ, ಅಷ್ಟೇ. 1/200 ಅಥವಾ 1/250ಕ್ಕಿಂತ ಮೇಲೆ ಹೋದರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುತ್ತೆ, ಎರಡು ಪರದೆಗಳ ನಡುವಿನ ಸಂದಿ ಸೆನ್ಸರಿಗಿಂತ ಚಿಕ್ಕದಾಗೋದರಿಂದ.

ಆಮೇಲೆ ನಡೆಯೋದು. ಕುರ್ಚಿ ಮೇಲೆ ಒಬ್ಬರನ್ನ ಕೂರಿಸಿ. ಸ್ಟ್ಯಾಂಡನ್ನ ಮುಖದ ನೇರಕ್ಕೆ, ಕಣ್ಣಿಗಿಂತ ಸಾಕಷ್ಟು ಎತ್ತರಕ್ಕೆ ಇಡಿ. ಮೂಗಿನ ಕೆಳಗೆ ಸಣ್ಣ ಚಿಟ್ಟೆ ಆಕಾರದ ನೆರಳು ಬೀಳುತ್ತೆ, ಅದಕ್ಕೆ ಬಟರ್‌ಫ್ಲೈ. ಸ್ಟ್ಯಾಂಡನ್ನ ಪಕ್ಕಕ್ಕೆ ಮೂವತ್ತು ನಲವತ್ತು ಡಿಗ್ರಿ ಸರಿಸಿ. ನೆರಳು ಓರೆಯಾಗಿ ಕೆನ್ನೆ ಕಡೆ ಜಾರುತ್ತೆ, ಅದು ಲೂಪ್. ಇನ್ನೂ ಸರಿಸಿದರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಕೂಡಿ, ಆ ಕಡೆ ಕಣ್ಣಿನ ಕೆಳಗೆ ಒಂದು ತ್ರಿಕೋನ ಬೆಳಕು ಮಾತ್ರ ಉಳಿಯುತ್ತೆ. ಅದೇ ರೆಂಬ್ರಾಂಟ್. ಪೂರ್ತಿ 90 ಡಿಗ್ರಿಗೆ ಹೋದರೆ ಅರ್ಧ ಮುಖ ಬೆಳಕು, ಅರ್ಧ ಕತ್ತಲು, ಸ್ಪ್ಲಿಟ್. ಹೆಸರು ನಾಲ್ಕು, ವಸ್ತು ಒಂದೇ, ನೀವು ನಡೆದ ದೂರ ಮಾತ್ರ ಬೇರೆ. ಇದನ್ನ ವಿಡಿಯೋದಲ್ಲಿ ನೂರು ಸಲ ನೋಡಿದರೂ ತಲೆಗೆ ಹೋಗಲ್ಲ. ಒಂದು ಸಲ ಸ್ಟ್ಯಾಂಡ್ ಹಿಡ್ಕೊಂಡು ಕಾಲು ವೃತ್ತ ಸುತ್ತಿದರೆ ಕಡೇವರೆಗೂ ಮರೆಯಲ್ಲ. ಆಮೇಲೆ ಬಸ್‌ನಲ್ಲಿ ಎದುರು ಕೂತವರ ಮೂಗಿನ ನೆರಳು ನೋಡೋ ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತೆ, ಅದಕ್ಕೆ ನಾನು ಹೊಣೆ ಅಲ್ಲ.

ರೆಂಬ್ರಾಂಟ್ 1606ರಿಂದ 1669ರವರೆಗೆ ಬದುಕಿದ್ದ ಡಚ್ ಚಿತ್ರಕಾರ. ಆಮ್‌ಸ್ಟರ್‌ಡ್ಯಾಮಿನ ಅವನ ಮನೆಯಲ್ಲಿ ಚಿತ್ರ ಬರೆಯೋ ಕೋಣೆಗೆ ಉತ್ತರದ ಕಿಟಕಿ. ಅಲ್ಲಿ ಉತ್ತರಕ್ಕೆ ಬಿಸಿಲು ಬೀಳೋದು ಅಪರೂಪ, ದಿನವಿಡೀ ಒಂದೇ ಸಮನಾದ ಮೆತ್ತನೆ ಬೆಳಕು. ನಮ್ಮಲ್ಲಿ ಅದನ್ನ ಹಾಗೇ ನಕಲು ಮಾಡೋಕೆ ಆಗಲ್ಲ, ನೋಡಿ: ಬೆಂಗಳೂರು ಇರೋದು ಸುಮಾರು 13 ಡಿಗ್ರಿ ಉತ್ತರದಲ್ಲಿ, ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರ್ತಾನೆ. ಪಠ್ಯದಲ್ಲಿ ಉತ್ತರದ ಕಿಟಕಿ ಅಂತ ಬರೆದಿದ್ದಾರೆ ಅಂತ ಕಣ್ಣುಮುಚ್ಚಿ ನಂಬೋ ಬದಲು, ನಿಮ್ಮ ಬ್ಲಾಕಿನ ಯಾವ ಕಿಟಕಿಗೆ ಯಾವ ತಿಂಗಳಲ್ಲಿ ಬಿಸಿಲು ಬರಲ್ಲ ಅಂತ ನೀವೇ ಗುರುತು ಹಾಕ್ಕೊಳ್ಳಿ. ಇನ್ನು "ರೆಂಬ್ರಾಂಟ್ ಲೈಟಿಂಗ್" ಅನ್ನೋ ಹೆಸರಿನ ಬಗ್ಗೆ ಸಿನಿಮಾದವರ ಒಂದು ಕಥೆ ಇದೆ. 1915ರಲ್ಲಿ 'ದಿ ವಾರೆನ್ಸ್ ಆಫ್ ವರ್ಜೀನಿಯಾ' ಚಿತ್ರದಲ್ಲಿ ಅರ್ಧ ಮುಖ ಕತ್ತಲಲ್ಲಿ ಇಟ್ಟದ್ದಕ್ಕೆ, ಅರ್ಧ ನಟನನ್ನ ತೋರಿಸಿದರೆ ಅರ್ಧ ದುಡ್ಡೇ ಸಿಗೋದು ಅಂತ ವ್ಯಾಪಾರದವರು ಗಲಾಟೆ ಮಾಡಿದರಂತೆ. ಇದು ರೆಂಬ್ರಾಂಟ್ ಬೆಳಕು ಅಂತ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಹೇಳಿದ ಮೇಲೆ ಅದೇ ಚಿತ್ರಕ್ಕೆ ರೇಟು ಏರಿತಂತೆ. ಡಿಮಿಲ್ ತಾನೇ ಹೇಳಿಕೊಂಡು ತಿರುಗಿದ ಕಥೆ ಇದು, ಸ್ವಲ್ಪ ಉಪ್ಪು ಖಾರ ಇದ್ದೇ ಇರುತ್ತೆ.

ಬಟರ್‌ಫ್ಲೈಗೆ ಪ್ಯಾರಮೌಂಟ್ ಲೈಟಿಂಗ್ ಅಂತಲೂ ಹೆಸರು. 1932ರ 'ಶಾಂಘೈ ಎಕ್ಸ್‌ಪ್ರೆಸ್'ನಲ್ಲಿ ಮಾರ್ಲೀನ್ ಡೀಟ್ರಿಚ್ ಮುಖ ನೋಡಿದರೆ ಯಾಕೆ ಅಂತ ತಿಳಿಯುತ್ತೆ, ಕೆನ್ನೆಮೂಳೆ ಕೆತ್ತಿದ ಹಾಗಿದೆ. ಆ ಚಿತ್ರದ ಛಾಯಾಗ್ರಹಣಕ್ಕೆ ಲೀ ಗಾರ್ಮ್ಸ್‌ಗೆ ಆಸ್ಕರ್ ಬಂತು. ಆದರೆ ನಮ್ಮ ಮೆಕ್ಯಾನಿಕಲ್ ಬ್ರ್ಯಾಂಚಿನ ಮೀಸೆಗಳ ಮೇಲೆ ಆ ಚಿಟ್ಟೆ ಕೂರಲ್ಲ, ನೆರಳು ಮೀಸೆಯಲ್ಲೇ ಕರಗಿಹೋಗುತ್ತೆ. ಕಣ್ಣು ಆಳದಲ್ಲಿ ಇರೋರಿಗೆ ದೀಪ ಅಷ್ಟು ಮೇಲಿದ್ದರೆ ಕಣ್ಣೇ ಕಾಣಲ್ಲ. ಮೂಗು ಚಪ್ಪಟೆ ಇರೋರಿಗೆ ರೆಂಬ್ರಾಂಟ್ ತ್ರಿಕೋನ ಬರಿಸೋಕೆ ದೀಪವನ್ನ ಇನ್ನಷ್ಟು ಪಕ್ಕಕ್ಕೆ ಒಯ್ಯಬೇಕು. ಕನ್ನಡಕ ಅಂತೂ ನಮ್ಮ ಕಾಲೇಜಿನ ಅರ್ಧ ಜನಕ್ಕಿದೆ. ಬಿದ್ದ ಕೋನಕ್ಕೆ ಸಮನಾದ ಕೋನದಲ್ಲಿ ಬೆಳಕು ವಾಪಸ್ ಬರುತ್ತೆ ಅಂತ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತೆ: ದೀಪ ಸ್ವಲ್ಪ ಮೇಲೆತ್ತಿ, ಕನ್ನಡಕದ ಕಡ್ಡಿಯನ್ನ ಕಿವಿ ಮೇಲೆ ಒಂದು ಬೆರಳು ಎತ್ತರಿಸಿ, ಗದ್ದ ಒಂಚೂರು ಇಳಿಸೋಕೆ ಹೇಳಿ. ಗಾಜಿನ ಬಿಳಿ ಮಚ್ಚೆ ಕ್ಯಾಮೆರಾ ಬಿಟ್ಟು ನೆಲದ ಕಡೆ ಹೋಗುತ್ತೆ. ಸೂತ್ರಗಳು ಆರಂಭಕ್ಕೆ ಸರಿ. ಎದುರಿಗಿರೋ ಮುಖ ಅದನ್ನ ಒಪ್ಪದೇ ಇದ್ದಾಗ ಮುಖದ ಮಾತು ಕೇಳಬೇಕು.

ಕೊಡೆ ಯಾಕೆ ಅಂತ ಕೇಳ್ತಾರೆ. ಬೆಳಕು ಮೆತ್ತಗಿದೆಯೋ ಗಡುಸೋ ಅನ್ನೋದು ಅದರ ಪವರ್ ಮೇಲೆ ನಿಂತಿಲ್ಲ, ಮುಖದಿಂದ ನೋಡಿದಾಗ ದೀಪ ಎಷ್ಟು ಅಗಲ ಕಾಣುತ್ತೆ ಅನ್ನೋದರ ಮೇಲೆ ನಿಂತಿದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್, ಆದರೆ ನಮಗೆ ಕಾಣೋದು ಅರ್ಧ ಡಿಗ್ರಿ. ಅದಕ್ಕೇ ನೆರಳು ಚಾಕುವಿನಲ್ಲಿ ಕೊಯ್ದ ಹಾಗೆ. ಮೋಡ ಕವಿದರೆ ಇಡೀ ಆಕಾಶವೇ ದೀಪ, ನೆರಳು ಇದೆಯೋ ಇಲ್ಲವೋ ಅನ್ನಿಸುತ್ತೆ. ಫ್ಲ್ಯಾಶಿನ ಬಾಯಿ ಅಂಗೈಗಿಂತ ಚಿಕ್ಕದು, ಅದರ ಮುಂದೆ ಮೀಟರ್ ಅಗಲದ ಕೊಡೆ ಹಿಡಿದರೆ ಕೊಡೆಯೇ ದೀಪವಾಗುತ್ತೆ. ಅದೇ ಕೊಡೆಯನ್ನ ಐದು ಮೀಟರ್ ದೂರ ಇಟ್ಟರೆ ಮತ್ತೆ ಗಡುಸು. ಕೊಡೆ ಇಲ್ಲದಿದ್ದರೆ ಬಟ್ಟೆ ಒಣಗಿಸೋ ಹಗ್ಗಕ್ಕೆ ಬಿಳಿ ಪಂಚೆ ಇಳಿಬಿಟ್ಟು ಹಿಂದಿನಿಂದ ಫ್ಲ್ಯಾಶ್ ಹೊಡೆಯಿರಿ. ಹತ್ತಿ ಪಂಚೆ, ಅಂಚು ಚಿತ್ರದೊಳಗೆ ಬರದ ಹಾಗೆ. ಗೋಡೆಗೆ ಹೊಡೆದು ವಾಪಸ್ ತರಿಸೋದೂ ಒಂದು ದಾರಿ, ಆದರೆ ಹಾಸ್ಟೆಲ್ ಗೋಡೆಯ ಹಸಿರು ಪೇಂಟ್ ಮುಖಕ್ಕೆ ಕಾಮಾಲೆ ಬರಿಸುತ್ತೆ.

ದೂರದ ವಿಷಯ ಬಂತಲ್ಲ, ಇನ್ವರ್ಸ್ ಸ್ಕ್ವೇರ್ ನಿಯಮವನ್ನ ನಾವು ಪರೀಕ್ಷೆಗೆ ಬರೆದು ಮರೆತಿದ್ದೀವಿ. ಅದು ಇಲ್ಲಿ ಹಿನ್ನೆಲೆಯ ಬಣ್ಣ ಬದಲಿಸೋ ಗುಂಡಿ. ಮುಖ ದೀಪದಿಂದ ಒಂದು ಮೀಟರ್, ಹಿಂದಿನ ಗೋಡೆ ಮೂರು ಮೀಟರ್ ಇದ್ದರೆ ಗೋಡೆಗೆ ಬೀಳೋದು ಒಂಬತ್ತನೇ ಒಂದು ಭಾಗ, ಬಿಳಿ ಗೋಡೆ ಗಾಢ ಬೂದು ಆಗುತ್ತೆ. ದೀಪವನ್ನೂ ಮುಖವನ್ನೂ ಗೋಡೆಗೆ ಹತ್ತಿರ ತಂದರೆ ಅದೇ ಗೋಡೆ ಬೆಳ್ಳಗೆ. ಬೇರೆ ಬೇರೆ ಬಣ್ಣದ ಬ್ಯಾಕ್‌ಡ್ರಾಪ್ ಬಟ್ಟೆ ಕೊಳ್ಳೋ ಅಗತ್ಯ ಏನಿದೆ?

ಮತ್ತೆ ಮೈಬಣ್ಣಕ್ಕೆ ಬರ್ತೀನಿ. ಕಪ್ಪು ಮುಖಕ್ಕೆ ಬೆಳಕು ಜಾಸ್ತಿ ಬೇಕು ಅಂತ ನಮ್ಮ ಟೀಮಿನ ಹಳಬರೂ ಹೇಳ್ತಾರೆ. ಅರ್ಧ ಮಾತ್ರ ನಿಜ. ಮುಖದಿಂದ ಬೆಳಕು ಎರಡು ದಾರೀಲಿ ವಾಪಸ್ ಬರುತ್ತೆ. ಒಂದು ಪಾಲು ಚರ್ಮದ ಮೇಲ್ಮೈಯಿಂದಲೇ ಹೊಳಪಾಗಿ ತಿರುಗುತ್ತೆ, ಇದು ಯಾವ ಬಣ್ಣದ ಚರ್ಮದಲ್ಲೂ ಹೆಚ್ಚುಕಮ್ಮಿ ಒಂದೇ. ಇನ್ನೊಂದು ಪಾಲು ಒಳಗೆ ಹೊಕ್ಕು ಚದುರಿ ಹೊರಬರುತ್ತೆ, ಮೆಲನಿನ್ ಹೀರಿಕೊಳ್ಳೋದು ಇದನ್ನ. ಹಾಗಾಗಿ ಕಪ್ಪು ಮುಖದ ಆಕಾರವನ್ನ ಹೇಳೋದು ಮುಖ್ಯವಾಗಿ ಹೊಳಪು. ಎದುರಿನಿಂದ ಚಿಕ್ಕ ದೀಪ ಹೊಡೆದು ಪವರ್ ಏರಿಸಿದರೆ ಹಣೆ ಮೇಲೆ ಎರಡು ಬಿಳಿ ಚುಕ್ಕೆ, ಉಳಿದದ್ದು ಚಪ್ಪಟೆ. ಅದೇ ದೊಡ್ಡ ದೀಪವನ್ನ ಹತ್ತಿರ ತಂದು ಪಕ್ಕಕ್ಕೆ ಇಟ್ಟರೆ ಹೊಳಪು ಹಣೆಯಿಂದ ಕೆನ್ನೆಮೂಳೆಗೆ, ದವಡೆಗೆ ಪಟ್ಟಿಯ ಹಾಗೆ ಹರಿಯುತ್ತೆ. ಬಣ್ಣ ಇದ್ದ ಹಾಗೇ ಇರುತ್ತೆ, ಮುಖ ಎದ್ದು ಬರುತ್ತೆ. ನಮ್ಮ ರೂಮ್‌ಮೇಟಿಗೆ ಆಮೇಲೆ ಮಾಡಿದ್ದು ಇಷ್ಟೇ: ಒಂದು ಫ್ಲ್ಯಾಶ್, ಒಂದು ಕೊಡೆ, ಇನ್ನೊಂದು ಕಡೆ ಥರ್ಮಾಕೋಲ್. ಮುಖ ಸ್ವಲ್ಪ ತಿರುಗಿಸಿ, ಕ್ಯಾಮೆರಾಗೆ ದೂರ ಇರೋ ಕೆನ್ನೆಗೆ ಬೆಳಕು. ಈಗ ಅವನ ಪ್ರೊಫೈಲಿನಲ್ಲಿ ಇರೋದು ಅದೇ. ಎಡಿಟ್ ಮಾಡಿಲ್ಲ.

ತಾಂತ್ರಿಕ ವಸ್ತುಗಳಿಗೆ ಪಕ್ಷಪಾತ ಇರಲ್ಲ ಅನ್ನೋರಿಗೆ ಇನ್ನೊಂದು ಸಂಗತಿ. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಪ್ರಿಂಟಿಂಗ್ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸೋಕೆ ಕಳಿಸ್ತಿದ್ದ ಕಾರ್ಡುಗಳಿಗೆ "ಶರ್ಲಿ ಕಾರ್ಡ್" ಅಂತ ಹೆಸರು. ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿ ಹೆಂಗಸರ ಮುಖ. ಆ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ ಅಂತ. ರೆಫರೆನ್ಸೇ ಒಂದು ಕಡೆ ವಾಲಿದ್ದರೆ ಕ್ಯಾಲಿಬ್ರೇಷನ್ ಎಷ್ಟು ಚೆನ್ನಾಗಿ ಮಾಡಿದರೂ ಏನು ಬಂತು ಅಂತ ಇನ್‌ಸ್ಟ್ರುಮೆಂಟೇಷನ್‌ನವರು ಹೇಳಲಿ. ಫೋನಿನ ಬ್ಯೂಟಿ ಮೋಡ್ ನೋಡಿದಾಗ ನನಗೆ ನೆನಪಾಗೋದು ಆ ಕಾರ್ಡು.

ಕಮ್ಮಿ ಸಾಮಾನಿಂದ ಏನು ದೊಡ್ಡದು ಮಾಡೋಕೆ ಆಗುತ್ತೆ ಅಂತ ಕೇಳೋರಿಗೆ ನಮ್ಮವರೇ ಒಬ್ಬರಿದ್ದಾರೆ. ವಿ.ಕೆ. ಮೂರ್ತಿ, ಮೈಸೂರಿನವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಓದಿ, 1946ರಲ್ಲಿ ಮುಗಿಸಿ ಬೊಂಬಾಯಿಗೆ ಹೋದವರು. ಪಾಲಿಟೆಕ್ನಿಕ್ ಅನ್ನೋದನ್ನ ಗಮನಿಸಿ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿಂದ ಇಳಿಯೋ ಆ ದೊಡ್ಡ ಬೆಳಕಿನ ಕೋಲು ಅವರದ್ದು. ಅದಕ್ಕೆ ದೊಡ್ಡ ದೀಪ ತರಿಸಲಿಲ್ಲ. ಹೊರಗಿನ ಬಿಸಿಲನ್ನ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. ಛಾಯಾಗ್ರಾಹಕರಲ್ಲಿ ಮೊದಲ ಬಾರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರೂ ಅವರೇ, 2008ನೇ ಸಾಲಿನದು. ನಮ್ಮ ಕನ್ನಡ ಸಂಘದ ಗೋಡೆ ಮೇಲೆ ಅವರ ಒಂದು ಫೋಟೋನೂ ಇಲ್ಲ ಅನ್ನೋದು ಬೇರೆ ಮಾತು.

ಈಗ ಎದುರು ವಾದ. "ಎಐ ಇದೆಯಲ್ಲ, ಬೆಳಕನ್ನ ಆಮೇಲೆ ಹಾಕಬಹುದು" ಅಂತ ಸಿಎಸ್‌ನ ಗೆಳೆಯರು ಅಂತಾರೆ. ಹಾಕಬಹುದು, ನಾನೂ ನೋಡಿದ್ದೀನಿ, ಕೆಲವು ಚೆನ್ನಾಗೇ ಬರುತ್ತೆ. ಆದರೆ ಆ ಸಾಫ್ಟ್‌ವೇರಿಗೆ "ರೆಂಬ್ರಾಂಟ್" ಅಂತ ಹೇಳಿದಾಗ ಬಂದದ್ದು ಸರಿಯೋ ತಪ್ಪೋ ಅಂತ ಹೇಳೋಕೆ ಕಣ್ಣು ತಯಾರಿರಬೇಕು. ಮೂಗಿನ ನೆರಳು ಎಡಕ್ಕೆ, ಕತ್ತಿನ ನೆರಳು ಬಲಕ್ಕೆ ಬಿದ್ದ ಫೋಟೋಗಳು ನಮ್ಮ ಪೋಸ್ಟರ್‌ಗಳಲ್ಲೇ ಬಂದಿವೆ, ಯಾರೂ ಗಮನಿಸಿಲ್ಲ. ಅಂಥ ಸಾಫ್ಟ್‌ವೇರ್ ಬರೆಯೋ ಕೆಲಸಕ್ಕೆ ಹೋಗೋರೂ ನಮ್ಮಲ್ಲೇ ಇದ್ದಾರೆ. ಮುಖವನ್ನ ಕಣ್ಣಾರೆ ನೋಡದೇ ಡೇಟಾಸೆಟ್ ಮಾತ್ರ ನೋಡಿದವರು ಇನ್ನೊಂದು ಶರ್ಲಿ ಕಾರ್ಡ್ ಮಾಡದೇ ಇರ್ತಾರಾ?

ಇನ್ನೊಂದು ವಾದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಫೋನ್ ಮಾತ್ರ ಇರೋ ಜೂನಿಯರ್ಸ್‌ಗೆ ಈ ಫ್ಲ್ಯಾಶ್ ನೇರವಾಗಿ ಉಪಯೋಗ ಆಗಲ್ಲ, ಫೋನಿನ ಶಟರ್ ಜೊತೆ ಇದು ಸಿಂಕ್ ಆಗಲ್ಲ. ಆದರೆ ಓದೋ ಟೇಬಲ್ ಲ್ಯಾಂಪನ್ನ ಪಂಚೆ ಹಿಂದೆ ಇಟ್ಟು ಅದೇ ಕಾಲು ವೃತ್ತ ಸುತ್ತಬಹುದು, ನೆರಳು ಅದೇ ಜಾಗಕ್ಕೆ ಬೀಳುತ್ತೆ. ಎಕ್ಸ್‌ಪೋಷರ್ ಲಾಕ್ ಮಾಡಿ, ಬ್ಯೂಟಿ ಮೋಡ್ ಆಫ್ ಮಾಡಿದರೆ ಸಾಕು. ಕ್ಯಾಮೆರಾ ಒಂದು ಕ್ಲಬ್ಬಿನದು ಇದ್ದೇ ಇದೆ, ಸರದಿ ಮೇಲೆ ಹಿಡಿಯಬಹುದು.

ಬಜೆಟ್ ಮೀಟಿಂಗ್‌ನಲ್ಲಿ ನಾನು ಇಡೋ ಪಟ್ಟಿ ಇದು: ಫ್ಲ್ಯಾಶ್ ಎರಡು, ಟ್ರಿಗರ್, ಸ್ಟ್ಯಾಂಡ್ ಎರಡು, ಕೊಡೆ ಎರಡು, ಚಾರ್ಜ್ ಆಗೋ ಪೆನ್‌ಸೆಲ್ ಎಂಟು. ಲೆನ್ಸಿನ ಅರ್ಧ ದುಡ್ಡೂ ಆಗಲ್ಲ. ಜೊತೆಗೆ ಫೇರ್‌ವೆಲ್‌ಗೆ ಮುಂಚೆ ಒಂದು ವಾರ, ಸಂಜೆ ಹೊತ್ತು ಡ್ರಾಯಿಂಗ್ ಹಾಲ್ ಬಿಟ್ಟುಕೊಡಿ ಅಂತ ಒಂದು ಮನವಿ. ಫೈನಲ್ ಇಯರ್‌ನ ಪ್ರತಿಯೊಬ್ಬರದ್ದೂ ಒಂದೊಂದು ಮುಖ, ಅವರವರ ಬಣ್ಣದಲ್ಲೇ, ತೆಗೆದು ಕೊಡೋಣ. ಫಸ್ಟ್ ಇಯರ್‌ನವರು ಕ್ಯಾಮೆರಾ ಇಲ್ಲ ಅಂತ ಮನೇಲಿ ಕೂರಬೇಡಿ. ಥರ್ಮಾಕೋಲ್ ಹಿಡಿಯೋಕೆ ಜನ ಬೇಕು, ಕುರ್ಚಿ ಮೇಲೆ ಕೂರೋಕೆ ಮುಖ ಬೇಕು. ಬರುವಾಗ ಒಂದು ಬಿಳಿ ಪಂಚೆ ತನ್ನಿ, ಒಗೆದದ್ದು.